ಎಡಗೆನ್ನೆಯ ವಲ್ಲಿ

ಧಾರವಾಡ
೧೪ ಸೆಪ್ಟೆಂಬರ್ ೨೦೨೪

ಮಗಳು ಕರುಣಾಗೆ,

ನಿನ್ನ ಅಪ್ಪನ ನೂರು ಹರಕೆಗಳು. ನಾವು ಆರಾಮ, ನೀನೂ ಹೊಟ್ಟೆಯೊಳಗಿನ ಕೂಸೂ ಆರಾಮ ಇದ್ದೀರೆಂದು ನಂಬಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದರೂ ನಾನು ಮಾತಾಡಲಿಲ್ಲ, ತಪ್ಪಾಯಿತು. ಕೆನ್ನೆಯ ಗಂಟು ತುಟಿಯವರೆಗೆ ಇಳಿದ ಮೇಲೆ ಫೋನಿನಲ್ಲಿ ನನ್ನ ಮಾತು ನನಗೇ ತಿಳಿಯುವುದಿಲ್ಲ. ಬರವಣಿಗೆಗೆ ಮಾತ್ರ ಇನ್ನೂ ಗಂಟು ಬಂದಿಲ್ಲ.

ನಿನ್ನ ಕುಬುಸದ ಶಾಸ್ತ್ರಕ್ಕೆ ಅವ್ವ ಹಸಿರು ಸೀರೆ ತಂದಿದ್ದಾಳೆ. ಬಳೆಗಾರನ ಜೊತೆ ಜಗಳವನ್ನೂ ಮುಗಿಸಿದ್ದಾಳೆ.

ಹೋದ ವರ್ಷ ಆ ನಟ ತ್ರ್ಯಂಬಕ ಸಿನಿಮಾದ ಪಾತ್ರಕ್ಕೆಂದು ಮೂರು ದಿನ ನಮ್ಮ ಮನೆಗೆ ಬಂದು ನನ್ನನ್ನು ನೋಡಿ ಕಲಿತು ಹೋದದ್ದು ನಿನಗೆ ಗೊತ್ತು. ಪುಂಡಿಪಲ್ಯ ಹಾಕಿಸಿಕೊಂಡು ರೊಟ್ಟಿ ಉಂಡ. "ನಿಮ್ಮಂಥವ್ರ ಕಥಿನ ಕಾಕಾ, ನೋಡಿದವ್ರು ಅಳಬೇಕು," ಅಂದ. ಹೆಗಲ ಮೇಲೆ ಹೊದ್ದ ವಲ್ಲಿಯನ್ನು ಆಗಾಗ ಎಡಗೆನ್ನೆಗೆ ಯಾಕೆ ಎಳೆದುಕೊಳ್ಳುತ್ತೀರಿ ಎಂದು ಕೇಳಿದ.

"ಸಣ್ಣ ಹುಡುಗ್ರು ಎದುರಿಗೆ ಬಂದ್ರ ಎಳ್ಕೋತೇನಿ. ಪಾಪ, ಅವು ಹೆದರಬಾರದಲ್ಲಪಾ," ಅಂದೆ.

ಹತ್ತು ಸಲ ಮಾಡಿಸಿ ಕಲಿತುಕೊಂಡ. ನಾನು ಹುಚ್ಚ, ಹಿಗ್ಗಿ ಓಣಿಯ ತುಂಬ ಹೇಳಿಕೊಂಡು ಬಂದೆ.

ಸಿನಿಮಾದಲ್ಲಿ ಅವನು ಮಕ್ಕಳ ಕಳ್ಳ. ತೊಟ್ಟಿಲ ಹತ್ತಿರ ಬಂದಾಗ ವಲ್ಲಿ ಜಾರಿ ನನ್ನಂಥದೇ ಗಂಟು ಕಾಣುತ್ತದೆ, ನಗಾರಿ ಬಾರಿಸುತ್ತಾರೆ, ಜನ ಚೀರುತ್ತಾರೆ. ಅವನನ್ನು ಕೊಂದಾಗ ನನ್ನ ಪಕ್ಕದವನು ಸೀಟಿ ಹೊಡೆದ. ದೀಪ ಹತ್ತಿದ ಮೇಲೆ ನನ್ನ ಮುಖ ನೋಡಿ ದಡಬಡ ಎದ್ದು ಹೋದ. ಮಕ್ಕಳ ಮೇಲಿನ ಮಾಯೆ ಮಮತೆಯಿಂದ ಜೀವಮಾನವಿಡೀ ಮಾಡಿದ್ದನ್ನು ಅವರು ಹೀಗೆ ತೋರಿಸಬಾರದಿತ್ತು. ಬಹಳ ಸಂಕಟವಾಯಿತು. ಈಗ ನಾನು ವಲ್ಲಿ ಎಳೆದುಕೊಂಡರೂ ಓಣಿಯ ಹುಡುಗರು ಓಡುತ್ತಾರೆ, ಎಳೆದುಕೊಳ್ಳದಿದ್ದರೂ ಓಡುತ್ತಾರೆ.

ಕುಬುಸಕ್ಕೆ ಅವ್ವ ಒಬ್ಬಳೇ ಬರುತ್ತಾಳೆ. ಅಪ್ಪನಿಗೆ ಮಂಡಿನೋವು ಎಂದು ಬೀಗರಿಗೆ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಕೂಸು ನೂರು ಕಾಲ ಬಾಳಲಿ.

ನಿನ್ನ ಅಪ್ಪ,
ಅರ್ಜುನಪ್ಪ

ತಾ.ಕ.: ಆ ಸಿನಿಮಾ ನೋಡಿಯೇ ಇಲ್ಲ ಎಂದು ನೀನು ಅವ್ವನಿಗೆ ಹೇಳಿದೆಯಂತೆ. ಹುಬ್ಬಳ್ಳಿಯ ಥಿಯೇಟರಿನಲ್ಲಿ ನಾನು ನಿಮ್ಮ ಹಿಂದಿನ ಸಾಲಿನಲ್ಲೇ ಕೂತಿದ್ದೆ. ವಲ್ಲಿ ಜಾರುವ ಹೊತ್ತಿಗೆ ನಿನ್ನ ಅತ್ತೆ, "ಬಸರಿ ಇಂಥಾ ಗಂಟಿನ ಮಾರಿ ನೋಡಬಾರದವಾ, ಕೂಸಿಗೂ ಬರತೈತಿ," ಎಂದು ಸೆರಗಿನಿಂದ ನಿನ್ನ ಕಣ್ಣು ಮುಚ್ಚಿದರು. ಸಣ್ಣವಳಿದ್ದಾಗ ನನ್ನ ವಲ್ಲಿ ಕಿತ್ತೆಸೆದು ಈ ಗಂಟಿಗೇ ಮುತ್ತು ಕೊಡುತ್ತಿದ್ದವಳು ನೀನು. ಅಂದು ಆ ಸೆರಗನ್ನು ಸರಿಸಲಿಲ್ಲ. ಬೈಯುತ್ತಿಲ್ಲ ಮಗಳೇ. ಕೂಸು ಹುಟ್ಟಿದ ಮೇಲೆ ಕರೆ, ವಲ್ಲಿ ಹೊದ್ದುಕೊಂಡೇ ಬರುತ್ತೇನೆ.