ದೊಡ್ಡ ಟೈರು ಗಾಡಿಯಲ್ಲೇ ಇರಲಿ

ಮಾವ,

ನಾನು ಟೊನೊಪಾದ ಆಸ್ಪತ್ರೆಗೆ ಡ್ಯೂಟಿಗೆ ಹೊರಟೆ. ಹಸುಗಳಿಗೆ ಹುಲ್ಲು ಒಯ್ಯಲು ಇವತ್ತು ನೀವೇ ಪಿಕಪ್ ತೆಗೆಯುತ್ತೀರಿ. ಹಿಂದೆ ನಿಲ್ಲಿಸಿ ಬಿಗಿದಿರುವ ದೊಡ್ಡ ಟೈರನ್ನು ಇಳಿಸಬೇಡಿ. "ಅರ್ಧ ಜಾಗ ಇದೇ ನುಂಗುತ್ತೆ" ಅಂತ ಬೈಯುತ್ತೀರಿ, ಬೈಯಿರಿ. ಗಾಡಿಯಡಿಯ ಸ್ಟೆಪ್ನಿ ಚಿಕ್ಕದು, ನಿಮ್ಮ ಮಗ ರಾಯ್ಸ್ ಹಾಕಿಸಿದ ಈ ದೊಡ್ಡ ಚಕ್ರಗಳಿಗೆ ಹೊಂದುವುದಿಲ್ಲ. ಹುಲ್ಲನ್ನು ಎರಡು ಸಲ ಸಾಗಿಸಿ. ನೀರಿನ ಕ್ಯಾನು ತುಂಬಿಸಿಕೊಳ್ಳಿ.

ಅವನು ಸತ್ತ ದಿನ ಹುಲ್ಲಿಗೆ ಜಾಗ ಸಾಲದೆಂದು ಟೈರು ಇಳಿಸಿದವರು ನೀವು. ಚಕ್ರ ಸಿಡಿದು, ಮರುಭೂಮಿಯ ಬಿಸಿಲಲ್ಲಿ ಅವನು ನಡೆದದ್ದು ನಿಮ್ಮಿಂದಲೇ ಎಂದು ಕೊರಗುತ್ತೀರಿ. ಊಟಕ್ಕೆ ಕೂತರೆ ನನ್ನ ಮುಖವನ್ನೂ ನೋಡುವುದಿಲ್ಲ.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಟೈರು ಅಂಗಳದಲ್ಲಿ ಬಿದ್ದಿರುವುದನ್ನು ಅವನು ಹೊರಡುವಾಗ ನಾವಿಬ್ಬರೂ ನೋಡಿದೆವು. "ಮತ್ತೆ ಹಾಕ್ಕೋ ರಾಯ್ಸ್" ಅಂದೆ. "ಬಿಡೇ, ಬೇಲಿ ನೋಡ್ಕೊಂಡು ಈಗ ಬರ್ತೀನಿ, ಏನಾಗುತ್ತೆ?" ಅಂತ ನಕ್ಕು ಹೋದ. ನಾನೂ ಸುಮ್ಮನಾದೆ.

ಇದನ್ನು ಎದುರಿಗೆ ಹೇಳಲು ಹೋದಾಗಲೆಲ್ಲ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಅದಕ್ಕೇ ಈ ಚೀಟಿ.

ಸಂಜೆ ನಾನು ಬರುವವರೆಗೆ ಮಲಗಬೇಡಿ. ಅವನ ಬಗ್ಗೆ ಮಾತಾಡಲು ನನಗೆ ನಿಮ್ಮನ್ನು ಬಿಟ್ಟರೆ ಇನ್ಯಾರೂ ಇಲ್ಲ.

ಲೊರೇನ್