ಹಾರ್ಟ್ ಅಲ್ಲ ತಾನೆ?

ಮಾರ್ಚ್ 3, ಬೆಳಿಗ್ಗೆ
ಮತ್ತೆ ಅದೇ ಕೆಟ್ಟ ಕನಸು. ದೊಡ್ಡ ಕೋಣೆಗೆಲ್ಲ ಟೈಲ್ಸ್ ಕೂರಿಸಿ ಮುಗಿಸಿದೀನಿ, ನಡುವಿಂದು ಒಂದು ಮೇಲೆದ್ದು ಬರ್ತಿದೆ. ಒತ್ತಿದರೆ ಕೂರುತ್ತೆ, ಕೈ ತೆಗೆದರೆ ಏಳುತ್ತೆ. ಬಗ್ಗಿ ನೋಡಿದರೆ ಅದು ನೆಲ ಅಲ್ಲ, ನನ್ನ ಎದೆ. ಎಚ್ಚರ ಆದಾಗ ಗಂಟಲ ತನಕ ಹುಳಿನೀರು, ಉರಿ. ಇಸಿಜಿ ಸರಿ ಇದೆ ಅಂದಿದಾರೆ. ನಂಬೋದು ಹೇಗೆ? ಅಪ್ಪ ಹೋಗಿದ್ದೂ ಎದೆ ಹಿಡ್ಕೊಂಡೇ. ನಾಳೆ ಬಾಯಿಂದ ಪೈಪ್ ಬಿಟ್ಟು ನೋಡ್ತಾರಂತೆ. ಹೆಂಡತಿಗೆ ಕನಸು ಹೇಳಿದೆ. ನಿದ್ದೇಲೂ ಬಿಟ್ಟಿ ಕೆಲಸ ಮಾಡ್ತೀರಲ್ಲ ಅಂತ ನಕ್ಕಳು.

ಮಾರ್ಚ್ 4
ಪೈಪ್ ಆಯ್ತು. ಜೀವ ಬಾಯಿಗೆ ಬಂದಿತ್ತು. ಹಯಾಟಲ್ ಹರ್ನಿಯಾ ಅಂತೆ — ನಾಲ್ಕನೇ ಕ್ಲಾಸಿಗೆ ಬಿಟ್ಟವನ ನಾಲಿಗೆಗೆ ಹೊರಳದ ಹೆಸರು, ಚೀಟಿ ನೋಡಿ ಬರೆದೆ. ಡಾಕ್ಟರು ಚಿತ್ರ ಗೀಚಿ ತೋರಿಸಿದರು. ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ. ಅದರಲ್ಲಿ ಅನ್ನದ ಕೊಳವೆ ಇಳಿಯೋಕೆ ತೂತು. ತೂತು ಸಡಿಲ ಆಗಿ ಜಠರದ ತುದಿ ಮೇಲಕ್ಕೆ ಜಾರಿದೆ, ಅದಕ್ಕೇ ಹುಳಿ ಉಕ್ಕೋದು. ಚಿಕ್ಕದು. ತಿಂಡಿಗೆ ಮುಂಚೆ ಮಾತ್ರೆ. ಸ್ವಲ್ಪ ಸ್ವಲ್ಪ ಊಟ. ಉಂಡ ಕೂಡಲೇ ಮಲಗಬಾರದು, ಬಗ್ಗಬಾರದು. ನಾನು ಬಗ್ಗದಿದ್ದರೆ ನೆಲ ತಾನಾಗೇ ಹಾಸ್ಕೊಳುತ್ತಾ? ಮಾತ್ರೆಗೆ ಕೇಳದಿದ್ದರೆ ಆಪರೇಷನ್, ಜಠರ ಕೆಳಗೆಳೆದು ತೂತು ಬಿಗಿ ಮಾಡ್ತಾರಂತೆ.
ಬಾಗಿಲ ತನಕ ಹೋಗಿ ವಾಪಸ್ ಬಂದು, "ಹಾರ್ಟ್ ಅಲ್ಲ ತಾನೆ?" ಅಂತ ಇನ್ನೊಂದು ಸಲ ಕೇಳಿದೆ.
"ಯಜಮಾನ್ರೇ, ಮುಂದಿನ ಸಲ ಬೇರೆ ಪ್ರಶ್ನೆ ತನ್ನಿ" ಅಂದರು.

ಮಾರ್ಚ್ 6
ಡಾಕ್ಟರು ಹೇಳಿದಂಗೆ ಮಂಚದ ತಲೆ ಕಡೆ ಕಾಲಿಗೆ ಇಟ್ಟಿಗೆ ಕೊಟ್ಟೆ. ಕೈ ಅಭ್ಯಾಸ... ನೆಲದ ಮಟ್ಟ ನೋಡೋ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಓಡಿಹೋಗಿ ತುದಿಗೆ ಅಂಟಿಕೊಳ್ತು. ಊರವರ ನೆಲವೆಲ್ಲ ಮಟ್ಟ ಮಾಡಿದವನ ಮಂಚ ಓರೆ. ರಾತ್ರಿ ಜಾರಿ ಹೋಗಿರ್ತೀನಿ, ಬೆಳಿಗ್ಗೆ ನನ್ನನ್ನ ಬಾಗಿಲ ಹತ್ರ ಹುಡುಕಿ ರೀ ಅಂದಳು ಇವಳು.

ಏಪ್ರಿಲ್ 19
ಬರೆಯೋಕೆ ಏನೂ ಇರಲಿಲ್ಲ. ಉರಿ ಇಲ್ಲ, ಕನಸಿಲ್ಲ. ಕೆಲಸದಲ್ಲಿ ನನಗೆ ಗ್ಯಾಸ್ ಡಾಕ್ಟರು ಅಂತ ಹೆಸರು — ಪ್ಲಂಬರ್‌ಗೂ ನಾನೇ ಪಥ್ಯ ಹೇಳಿದ್ದು. ಇವತ್ತು ಬೆಳಿಗ್ಗೆ ಇವಳು ಎದೆ ಭಾರ ಅಂದಳು. ದವಡೆ ನೋವು, ಬೆವರು. ನಂದೂ ಹಿಂಗೇ ಶುರುವಾಗಿದ್ದು ಅಂದೆ. ನನ್ನ ಮಾತ್ರೆ ಒಂದು ಕೊಟ್ಟು ಮಂಚಕ್ಕೆ ಒರಗಿಸಿದೆ.
"ಡಾಕ್ಟರ ಹತ್ರ ಹೋಗೋಣ್ವಾ ರೀ?" ಯಾವತ್ತೂ ಕೇಳದೋಳು.
ನನ್ನ ಹಾಗೆ ಪುಕ್ಕಲಾಗಬೇಡ ಅಂದೆ. ಕೆಲಸಕ್ಕೆ ಬಂದೆ. ಈಗ ಊಟದ ಹೊತ್ತು.

ಏಪ್ರಿಲ್ 21
ಆಸ್ಪತ್ರೆ ಬೆಂಚು. ಇವಳು ಐಸಿಯುನಲ್ಲಿ, ನನ್ನ ಒಳಗೆ ಬಿಡ್ತಿಲ್ಲ. ಮೊನ್ನೆ ಪಕ್ಕದ ಮನೆಯವರು ಇವಳನ್ನ ಕರ್ಕೊಂಡು ಬರೋವಾಗ ಸಂಜೆ ಆಗಿತ್ತಂತೆ. ಹಾರ್ಟ್ ಅಟ್ಯಾಕ್. ತಡ ಆಯ್ತು ಅಂದರು. ಬೆಳಿಗ್ಗೆ ಏನು ಕೊಟ್ಟಿರಿ ಅಂತ ಕೇಳಿದರು, ಹೇಳಿದೆ. ಯಾರೂ ಬೈಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಈಗ ನನ್ನ ಡಾಕ್ಟರು ಇದೇ ದಾರೀಲಿ ಬಂದರು. ಎದ್ದು ನಿಂತೆ. ಬೇರೆ ಪ್ರಶ್ನೆ ತನ್ನಿ ಅಂದಿದ್ದರಲ್ಲ... ಇದ್ದಿದ್ದು ಅದೊಂದೇ.
"ಸರ್, ಹಾರ್ಟ್ ಅಲ್ಲ ತಾನೆ? ಇವಳಿಗೂ ಆ ತೂತೇ ಸಡಿಲ ಇರಬಹುದು. ಅದೊಂದು ಇನ್ನೊಂದು ಸಲ ನೋಡಿ —"