ಹಗ್ಗ ದಾಟಿದವಳು

ಹ್ಲೈಂಗ್‌ಬ್ವೆ,
ತಬೌಂಗ್ ಮಾಸದ ಹುಣ್ಣಿಮೆ ಕಳೆದ ವಾರ

ಸಿಟ್ಟು ಮಾಡಿಕೊಂಡು ಕಾಳಗದ ಗುರುಗಳ ಮನೆ ಸೇರಿರುವ ನನ್ನ ಯಜಮಾನರಿಗೆ, ನೋ ಪೋ ಸೇ ಮಾಡುವ ನಮಸ್ಕಾರ.

ದವಡೆಯ ಊತ ಇಳಿಯಿತೇ? ಗಂಜಿ ಕುಡಿಯಿರಿ, ಖಾರ ಮುಟ್ಟಬೇಡಿ. ಕ್ಷಮೆ ಕೇಳಲು ಬರೆದಿದ್ದಾಳೆ ಎಂದುಕೊಂಡಿದ್ದರೆ ಕಾಗದವನ್ನು ಇಲ್ಲಿಗೇ ಮಡಿಸಿಡಿ.

ದೊಡ್ಡ ಭಿಕ್ಕುಗಳ ಅಂತ್ಯಕ್ರಿಯೆಯ ಉತ್ಸವಕ್ಕೆ ಇಟ್ಟಿದ್ದ ಮುಷ್ಟಿಕಾಳಗದಲ್ಲಿ ನಿಮಗೆ ನೆನಪಿರುವುದು ಮೂರು ಸುತ್ತು ಮಾತ್ರ. ನಾಲ್ಕನೆಯದನ್ನು ಕಂಡವಳು ನಾನು. ನಿಮ್ಮ ಎದುರಾಳಿ, ಆ ಮೌಲಮೈನಿನವನು, ನಿಮ್ಮ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಹಣೆಯಿಂದ ಮೂಗಿಗೆ ಗುದ್ದಿದ. ಮೂಳೆ ಮುರಿದ ಸದ್ದು ಡೋಲಿನ ಗದ್ದಲದಲ್ಲೂ ನನಗೆ ಕೇಳಿಸಿತು. ಮತ್ತೆ ಗುದ್ದಿದ. ಬೀಳುತ್ತಿದ್ದ ನಿಮ್ಮ ದವಡೆಗೆ ಮೊಣಕೈ ಕೊಟ್ಟ. ಮರಳಿನ ಮೇಲೆ ಮಕಾಡೆ ಬಿದ್ದಿರಿ. ಕಾಲು ಮಾತ್ರ ಅದುರುತ್ತಿತ್ತು.

ಅಲ್ಲಿಗೇ ಸೋತಿದ್ದರೆ, ಜೀವ ಉಳಿಯಿತೆಂದು ನಾನು ದೀಪ ಹಚ್ಚುತ್ತಿದ್ದೆ. ಆದರೆ ಕಣದಲ್ಲಿ ನಿಮ್ಮ ಸಹಾಯಕ್ಕೆ ನಿಂತಿದ್ದ ನನ್ನಣ್ಣ ಕೈ ಎತ್ತಿ ವಿರಾಮ ಕೇಳಿದ. ಬಿದ್ದವನನ್ನು ಎಬ್ಬಿಸಲು ಎರಡು ನಿಮಿಷ, ಎದ್ದರೆ ಮತ್ತೆ ಹೊಡೆತ. ಎಂಥ ನಿಯಮವೋ ನಿಮ್ಮ ಗಂಡಸರದು! ಅವನೂ ಜೊತೆಯವರೂ ಎಚ್ಚರ ಬರಲೆಂದು ನಿಮ್ಮ ಕಿವಿ ಕಚ್ಚಿದರು, ಮಂಜುಗಡ್ಡೆಯ ನೀರು ಸುರಿದರು, ತೊಡೆ ತಿಕ್ಕಿದರು. ನೀವು ಕಣ್ಣು ಬಿಟ್ಟಿರಿ. ಎಡಗಿವಿಯ ಒಳಗಿಂದ ರಕ್ತ ಇಳಿಯುತ್ತಿತ್ತು. ಹಗ್ಗದಾಚೆಯಿಂದ ಕೂಗಿದ ನನ್ನನ್ನೇ ನೋಡಿ, “ಯಾರಮ್ಮಾ ನೀನು?” ಅಂದಿರಿ.

ಸಾಕು ಮಾಡು ಎಂದು ಅಣ್ಣನನ್ನು ಬೇಡಿಕೊಂಡೆ. ಕೊನೆಯವರೆಗೆ ಇವನು ಸುಮ್ಮನೆ ನಿಂತಿದ್ದರೂ ಕಾಳಗ ಸಮ ಆಗುತ್ತದೆ, ಮರ್ಯಾದೆ ಉಳಿಯುತ್ತದೆ, ನೀನು ಬಾಯಿ ಮುಚ್ಚು ಎಂದು ಗದರಿದ.

ಅದಕ್ಕೇ ಹಗ್ಗ ದಾಟಿದೆ. ಹೆಂಗಸು ಮೆಟ್ಟಿದ ಕಣದಲ್ಲಿ ಕಾಳಗ ನಡೆಯುವುದಿಲ್ಲ ಎಂದು ಗೊತ್ತಿದ್ದೇ ದಾಟಿದೆ. ಜನ ಚಪ್ಪಲಿ ಎಸೆದರು. ಯಾರೋ ಜಡೆ ಹಿಡಿದು ಎಳೆದರು, ಇನ್ಯಾರೋ ಒದ್ದರು, ತುಟಿ ಒಡೆಯಿತು. ನಿಮ್ಮ ಮೇಲೆ ಬೋರಲು ಬಿದ್ದವಳು ಕಾಳಗ ನಿಲ್ಲಿಸುವವರೆಗೆ ಏಳಲೇ ಇಲ್ಲ.

ನಿಮ್ಮ ಹೆತ್ತಮ್ಮನ ಮುಖಕ್ಕೆ ನಾನು ಮಸಿ ಬಳಿದೆ, ಆಕೆ ಊರೆದುರು ತಲೆ ಎತ್ತದ ಹಾಗೆ ಮಾಡಿದೆ ಎಂದು ಹೇಳಿಕಳಿಸಿದ್ದೀರಿ. ಹೇಳಿ. ಬೈಯುವುದಕ್ಕಾದರೂ ನೀವು ಉಳಿದಿದ್ದೀರಲ್ಲ, ನನಗೆ ಅಷ್ಟು ಸಾಕು. ಸಿಟ್ಟು ಇಳಿದ ದಿನ ಮನೆಗೆ ಬನ್ನಿ.

ಇಂದಿಗೂ ನಿಮ್ಮವಳೇ ಆದ
ನೋ ಪೋ ಸೇ

ವಿ.ಸೂ.: ಅತ್ತೆ ಹೇಳಬೇಡ ಅಂದಿದ್ದರು, ಆದರೂ ಹೇಳುತ್ತೇನೆ. ಹಗ್ಗದ ಹತ್ತಿರ ಹೋದವಳು ದಾಟಲಾರದೆ ಅಲ್ಲೇ ನಿಂತುಬಿಟ್ಟಿದ್ದೆ. ಹಗ್ಗ ಎತ್ತಿ ಹಿಡಿದು ನನ್ನ ಬೆನ್ನಿಗೆ ಕೈ ಹಚ್ಚಿ ನೂಕಿದವರು ನಿಮ್ಮಮ್ಮ. “ಇವನಪ್ಪ ಮರಳ ಮೇಲೆ ಸಾಯುವಾಗ, ದಾಟಬಾರದು ಅಂತ ನಾನು ಆಚೆನೇ ನಿಂತಿದ್ದೆ. ನೀನು ನಿಲ್ಬೇಡ, ನುಗ್ಗೇ,” ಅಂದರು.